ಸಹಿ ಹಾಕಿದ ಮೇಲೆ ಓದಿದ ಪತ್ರ

ಸಿನಿಮಾ, ಪುಸ್ತಕ ಎಲ್ಲ ಬಿಟ್ಟು ಈ ಸಲ ಮೂರು ಪುಟದ ಒಂದು ಪತ್ರದ ವಿಮರ್ಶೆ. ಬರೆದದ್ದು ನಮ್ಮ ಅಪಾರ್ಟ್‌ಮೆಂಟಿನ ಅಸೋಸಿಯೇಷನ್. ಪಕ್ಕದ ಖಾಲಿ ಜಾಗದಲ್ಲಿ ಏಳಲಿರುವ ಬಹುಮಹಡಿ ಕಟ್ಟಡಕ್ಕೆ ಆಕ್ಷೇಪಣೆ. ಅದರಲ್ಲಿ ನನ್ನ ಸಹಿಯೂ ಇದೆ. ಲಿಫ್ಟಿನ ಹತ್ತಿರ ಸೆಕ್ರೆಟರಿ ಸಿಕ್ಕಿ, "ಒಂದು ಸೈನ್ ಹಾಕಿ ಮಾರಾಯ್ರೆ, ನಾಳೆ ಕೊಡ್ಲಿಕ್ಕುಂಟು" ಅಂದ್ರು. ಕೈಯಲ್ಲಿ ಹಾಲಿನ ಪ್ಯಾಕೆಟ್ ಇತ್ತು, ಗೋಡೆಗೆ ಒತ್ತಿ ಹಾಕಿದೆ. ಓದಿದ್ದು ರಾತ್ರಿ, ವಾಟ್ಸಾಪ್ ಗ್ರೂಪಿಗೆ ಪಿಡಿಎಫ್ ಬಂದಾಗ.

ನಾವಿರೋದು ಮಂಗಳೂರಿನ ಉತ್ತರಕ್ಕೆ, ಕುಳಾಯಿ-ಹೊಸಬೆಟ್ಟು ಕಡೆ. ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಬಂದರಿನ ಲಾರಿ, ಗ್ಯಾಸ್ ಟ್ಯಾಂಕರ್. ಅಲ್ಲಿಂದ ಕಡಲಿಗೆ ಇಳಿಯೋ ನಮ್ಮ ಸಣ್ಣ ರಸ್ತೆಯಲ್ಲಿ ಶಾಲೆಯ ಬಸ್ಸು, ಮೀನಿನ ಟೆಂಪೊ, ನಮ್ಮ ಕಾರುಗಳು. ಬೆಳಿಗ್ಗೆ ಎಂಟಕ್ಕೆ ಎದುರುಬದುರಾದ್ರೆ ಯಾರಾದ್ರೂ ರಿವರ್ಸ್ ಹೋಗಲೇಬೇಕು. ಸಾಮಾನ್ಯವಾಗಿ ಹೋಗೋದು ಮೀನಿನ ಟೆಂಪೊ. ಇನ್ನೂ ನೂರಿನ್ನೂರು ಕಾರು ಇದೇ ರಸ್ತೆಗೆ ಬಂದ್ರೆ ಏನು ಗತಿ ಅನ್ನೋ ಭಯ ಸುಳ್ಳಲ್ಲ, ನನಗೂ ಇದೆ. ಆ ಭಯವನ್ನು ಪತ್ರ ಹೇಗೆ ಹಾಳು ಮಾಡಿದೆ ಅನ್ನೋದೇ ನನ್ನ ತಕರಾರು.

ಮೊದಲನೇ ಪ್ಯಾರಾದಲ್ಲೇ "ಸಮುದ್ರ ದರ್ಶನಕ್ಕೆ ಧಕ್ಕೆ". ಫ್ಲ್ಯಾಟ್ ಕೊಂಡಾಗ ಬ್ರೋಷರಿನಲ್ಲಿದ್ದ ಮಾತು ಇದು. ಕಚೇರಿಯ ಮೇಜಿನ ಮೇಲೆ ಎರಡು ನಿಮಿಷವೂ ನಿಲ್ಲಲ್ಲ.

ಎರಡನೆಯದು ದಪ್ಪ ಅಕ್ಷರದಲ್ಲಿ "ಸಿಆರ್‌ಝಡ್ ಉಲ್ಲಂಘನೆ". ಯಾವ ನಿಯಮ, ಎಲ್ಲಿ ಉಲ್ಲಂಘನೆ ಅಂತ ಒಂದು ಸಾಲೂ ಇಲ್ಲ. ಕರಾವಳಿ ನಿಯಂತ್ರಣ ವಲಯದ ಮೊದಲ ಅಧಿಸೂಚನೆ ಬಂದಿದ್ದು 1991ರ ಫೆಬ್ರವರಿಯಲ್ಲಿ. ಆಗಲೇ ಬೆಳೆದ ನಗರದ ತೀರದಲ್ಲಿ ಮೊದಲಿನಿಂದ ಇರುವ ರಸ್ತೆಯ ಅಥವಾ ಅಧಿಕೃತ ಕಟ್ಟಡದ ಈಚೆಗೆ, ಅಂದ್ರೆ ನೆಲದ ಕಡೆಗೆ, ಕಟ್ಟಬಹುದು. ಕಡಲಿನ ಕಡೆಗೆ ಕಟ್ಟಬಾರದು. ನಮಗೆ ಅನುಮತಿ ಸಿಕ್ಕಿದ್ದು ತೀರದ ಹಳೇ ರಸ್ತೆಯ ಪೂರ್ವಕ್ಕಿದ್ದೀವಿ ಅನ್ನೋ ಕಾರಣಕ್ಕೆ. ಪಕ್ಕದ ಜಾಗವೂ ಅದೇ ರಸ್ತೆಯ ಪೂರ್ವಕ್ಕೇ ಇದೆಯಲ್ಲ!

ಮತ್ತೆ ನಮ್ಮದು ಐದು ಮಹಡಿ, ಅವರದ್ದು ಹದಿನಾಲ್ಕು ಯಾಕೆ? ಗ್ರೂಪಿನಲ್ಲಿ ಎಲ್ಲರೂ "ದುಡ್ಡು ತಿಂದಿದ್ದಾರೆ" ಅಂತ ತೀರ್ಪು ಕೊಟ್ಟಾಯ್ತು. 2011ರ ಅಧಿಸೂಚನೆಯಲ್ಲಿ ಇಂಥ ನಗರ ತೀರಗಳ ಎಫ್‌ಎಆರ್, ಅಂದ್ರೆ ನಿವೇಶನದ ಅಳತೆಗೆ ಎಷ್ಟು ಪಟ್ಟು ಕಟ್ಟಬಹುದು ಅನ್ನೋ ಲೆಕ್ಕ, 1991ರ ಮಟ್ಟಕ್ಕೇ ಕಟ್ಟಿಹಾಕಿದ್ರು. 2019ರ ಜನವರಿಯ ಅಧಿಸೂಚನೆ ಆ ಕಟ್ಟು ಬಿಚ್ಚಿತು. ಅದರ ಕರಡು ಬಂದಿದ್ದು 2018ರ ಏಪ್ರಿಲ್‌ನಲ್ಲಿ, ಆಕ್ಷೇಪಣೆಗೆ 60 ದಿನ ಕೊಟ್ಟು. ಮೀನುಗಾರರ ಸಂಘಟನೆಗಳು ವಿರೋಧಿಸಿದ್ವು. ನಾವು? ಗ್ರೂಪಿನ ಹಳೇ ಮೆಸೇಜುಗಳನ್ನು ಹುಡುಕಿ ನೋಡಿದೆ. ಆ ಎರಡು ತಿಂಗಳು ಚರ್ಚೆ ಆಗಿದ್ದು ಜಿಮ್ಮಿನ ಟ್ರೆಡ್‌ಮಿಲ್ ರಿಪೇರಿ ಬಗ್ಗೆ.

ಮೂರನೇ ಬೇಡಿಕೆ, ಸಾರ್ವಜನಿಕ ಅಹವಾಲು ಕರೆಯಿರಿ ಅಂತ. 20,000 ಚದರ ಮೀಟರ್ ಅಥವಾ ಅದಕ್ಕಿಂತ ಹೆಚ್ಚು ಕಟ್ಟೋದಾದ್ರೆ 2006ರ ಪರಿಸರ ಅಧಿಸೂಚನೆ ಪ್ರಕಾರ ಮೊದಲೇ ಅನುಮತಿ ತಗೋಬೇಕು ಸರಿ. ಆದ್ರೆ ಕಟ್ಟಡ ಯೋಜನೆಗಳಿಗೆ ಸಾರ್ವಜನಿಕ ಸಮಾಲೋಚನೆಯಿಂದ ವಿನಾಯಿತಿ ಕೊಟ್ಟಿರೋದೂ ಅದೇ ಅಧಿಸೂಚನೆ. ಪಾರ್ಕಿಂಗ್ ಸಾಲುತ್ತಾ, ಗೇಟಿನ ಹತ್ತಿರ ವಾಹನಗಳನ್ನು ಹೇಗೆ ನಿಭಾಯಿಸ್ತೀರಿ ಅನ್ನೋ ಪ್ರಶ್ನೆ ಅರ್ಜಿಯ ಫಾರಂನಲ್ಲಿತ್ತು, ಉತ್ತರ ತುಂಬೋದು ಕಟ್ಟುವವರೇ. ನೆರೆಹೊರೆಯವರನ್ನು ಯಾರೂ ಕೇಳಲ್ಲ. ಜಗಳ ಆಡೋದಾದ್ರೆ ಇದರ ಬಗ್ಗೆ ಆಡಬೇಕಿತ್ತು. ಆ ಉತ್ತರದ ಪ್ರತಿ ತರಿಸಿ, ನಮ್ಮ ಬೆಳಗಿನ ಎಂಟು ಗಂಟೆಗೆ ಹೋಲಿಸಿ, ಸುಳ್ಳಿದ್ದರೆ ತೋರಿಸಬೇಕಿತ್ತು.

ಇನ್ನೊಂದು ತಮಾಷೆ. ಟ್ರಾಫಿಕ್ ಬಗ್ಗೆ ಒಂದೂವರೆ ಪುಟ ಇದೆ, ರಸ್ತೆ ಎಷ್ಟು ಅಗಲ ಅಂತ ಎಲ್ಲೂ ಇಲ್ಲ. ನಮ್ಮ ರಾಜ್ಯದ ವಲಯ ನಿಯಮಾವಳಿಗಳಲ್ಲಿ ಎಷ್ಟು ಕಟ್ಟಬಹುದು ಅನ್ನೋದು ಮುಂದಿನ ರಸ್ತೆಯ ಅಗಲದ ಮೇಲೂ ನಿಂತಿರುತ್ತೆ. ಕೇಳಬೇಕಾದ ಮೊದಲ ಪ್ರಶ್ನೆಯೇ ಅದು. ಭಾನುವಾರ ಟೇಪ್ ಹಿಡ್ಕೊಂಡು ಹೊರಟೆ, ಇನ್ನೊಂದು ತುದಿ ಹೆಂಡತಿ ಹಿಡಿದಳು. ಹೆದ್ದಾರಿಯ ಕಡೆ ಆರು ಮೀಟರ್ ಚಿಲ್ಲರೆ. ನಮ್ಮ ಗೇಟಿನ ಮುಂದೆ ಐದಕ್ಕಿಂತ ಕಡಿಮೆ. ಕಾಂಪೌಂಡಿನ ಹೊರಗೆ ನಾವೇ ಕಟ್ಟಿಸಿದ ಹೂವಿನ ಕಟ್ಟೆ, ಅದರ ಪಕ್ಕ ಬೇರೆಯವರು ಕಾರು ನಿಲ್ಲಿಸದಿರಲಿ ಅಂತ ನೆಟ್ಟ ಕಬ್ಬಿಣದ ಕಂಬಗಳು. ಇಡೀ ರಸ್ತೆ ಅತಿ ಕಿರಿದಾಗೋದು ಅಲ್ಲೇ. "ಇದನ್ನೂ ಬರೀತೀಯಾ?" ಅಂದಳು. ಬರೆದಿದ್ದೀನಿ.

ಐದನೇ ಅಂಶ ಓದಿ ನಾಚಿಕೆ ಆಯ್ತು. "ರಸ್ತೆ ಬದಿಯಲ್ಲಿ ಮೀನಿನ ವಾಹನಗಳ ನಿಲುಗಡೆಯನ್ನು ನಿಷೇಧಿಸಬೇಕು." ಬಿಲ್ಡರ್ ವಿರುದ್ಧದ ಪತ್ರದಲ್ಲಿ ಇದಕ್ಕೇನು ಕೆಲಸ? ಮೂಲೆಯಲ್ಲಿ ಮೀನು ಮಾರುವ ಅಕ್ಕನ ಹತ್ರ ವಿಷಯ ತೆಗೆದೆ. ಅವರ ಮೊದಲ ಪ್ರಶ್ನೆ: "ಹೊಸ ಬಿಲ್ಡಿಂಗಿನವರು ಮೀನು ತಿನ್ನುವವರಾ ಅಣ್ಣ, ಗೊತ್ತುಂಟಾ?" ಟೆಂಪೊ ವಿಷಯ ಹೇಳಿದ ಮೇಲೆ ನಗು ನಿಂತಿತು. ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ದೋಣಿಗಳಿಗೆ ನಿಷೇಧ. ಆಗ ನಾಡದೋಣಿಯ ಮೀನು ಈ ದಡಕ್ಕೆ ಬರುತ್ತೆ, ಟೆಂಪೊ ಇಲ್ಲೇ ಕಾಯಬೇಕು. "ಟೆಂಪೊ ನಿಲ್ಲದಿದ್ರೆ ಆ ಮಳೆಗೆ ಬುಟ್ಟಿ ಹೊತ್ತುಕೊಂಡು ಹೈವೇವರೆಗೆ ನಾವು ನಡೀಬೇಕಾ?" ಪತ್ರದಲ್ಲಿ ನನ್ನ ಸಹಿ ಇದೆ ಅಂತ ಅವರಿಗೆ ಹೇಳೋಕೆ ಬಾಯಿ ಬರಲಿಲ್ಲ. ಅರ್ಧ ಕಿಲೋ ಬಂಗುಡೆ ತಗೊಂಡು ಬಂದೆ.

ಗ್ರೂಪಿನಲ್ಲಿ ಬರೆದೆ: ಐದನೇ ಅಂಶ ತೆಗೆಯೋಣ, ರಸ್ತೆಯ ಅಳತೆ ಸೇರಿಸೋಣ, ಹೂವಿನ ಕಟ್ಟೆ ನಾವೇ ಒಡೆಯೋಣ. ಮೂರು ಹೆಬ್ಬೆಟ್ಟು ಬಿತ್ತು. ಕಟ್ಟೆಗೆ ಎಷ್ಟು ಖರ್ಚಾಗಿದೆ ಗೊತ್ತಾ ಅಂತ ಒಬ್ಬರು ಕೇಳಿದ್ರು. ಪತ್ರ ಕೊಟ್ಟಾಗಿದೆ, ಸ್ವೀಕೃತಿ ಸೀಲೂ ಬಿದ್ದಿದೆ ಅಂತ ಸೆಕ್ರೆಟರಿ ಫೋಟೊ ಹಾಕಿದ್ರು. ಇಷ್ಟು ಹೊತ್ತು ಎಲ್ಲಿದ್ರಿ ಅಂತ ಅವರು ಕೇಳಬಹುದಿತ್ತು, ಕೇಳಲಿಲ್ಲ.

ಮೊನ್ನೆ 10 ರೂಪಾಯಿಯ ಪೋಸ್ಟಲ್ ಆರ್ಡರ್ ಇಟ್ಟು ಮಾಹಿತಿ ಹಕ್ಕಿನಡಿ ಒಂದು ಅರ್ಜಿ ಹಾಕಿದ್ದೀನಿ. ಮಂಜೂರಾದ ನಕ್ಷೆಯಲ್ಲಿ ರಸ್ತೆಯ ಅಗಲ ಎಷ್ಟು ತೋರಿಸಿದ್ದಾರೆ, ಅವರ ಕಟ್ಟಡದ್ದು ಮತ್ತು ನಮ್ಮದು, ಎರಡೂ ಕೊಡಿ ಅಂತ. 30 ದಿನದಲ್ಲಿ ಉತ್ತರ ಕೊಡಬೇಕು. ಸೆಕ್ರೆಟರಿ ಈಗ ಲಿಫ್ಟಿನಲ್ಲಿ ಸಿಕ್ಕಿದ್ರೆ ಮೊಬೈಲ್ ನೋಡ್ಕೊಂಡು ನಿಲ್ತಾರೆ. ಹೂವಿನ ಕಟ್ಟೆಗೆ ಹೊಸ ಬಣ್ಣ ಹೊಡೆಸಿದ್ದಾರೆ.