ಮೋಲಿಯೇರನೂ ನಮ್ಮ ಆಷಾಢಭೂತಿಯೂ

ದೊಡ್ಡವರ ಜೀವನಚರಿತ್ರೆಗಳನ್ನು ಓದುವ ಅಭ್ಯಾಸ ನಮ್ಮಲ್ಲಿ ಇಲ್ಲದಿಲ್ಲ. ಆದರೆ ಓದಿದ ಮೇಲೆ ನೆನಪಿನಲ್ಲಿ ಉಳಿಯುವುದು ಬಹುಮಟ್ಟಿಗೆ ರಂಜಕವಾದ ಪ್ರಸಂಗಗಳು. ಫ್ರಾನ್ಸಿನ ನಾಟಕಕಾರ ಮೋಲಿಯೇರನ ಹೆಸರೆತ್ತಿದರೆ ಸಾಕು, ‘ರಂಗದ ಮೇಲೆಯೇ ಪ್ರಾಣಬಿಟ್ಟವನಲ್ಲವೆ?’ ಎಂಬ ಮಾತು ಬರುತ್ತದೆ. ಅದು ಪೂರ್ತಿ ನಿಜವಲ್ಲ. 1673ರ ಫೆಬ್ರವರಿ 17ರಂದು, ಇಲ್ಲದ ರೋಗವನ್ನು ಇದೆಯೆಂದು ಭ್ರಮಿಸುವವನ ಪಾತ್ರವನ್ನು ಅಭಿನಯಿಸುತ್ತಿದ್ದಾಗ ಅವನಿಗಿದ್ದ ನಿಜವಾದ ರೋಗ ಉಲ್ಬಣಿಸಿತು; ಆಟ ಮುಗಿಸಿ ಮನೆಗೆ ಹೋಗಿ ಕೆಲವೇ ಗಂಟೆಗಳಲ್ಲಿ ತೀರಿಕೊಂಡ. ಇದಕ್ಕಿಂತ ಮುಖ್ಯವಾದದ್ದು ಅನಂತರ ನಡೆದ ಸಂಗತಿ. ನಟವೃತ್ತಿಯನ್ನು ತ್ಯಜಿಸಿದೆನೆಂದು ಪಾದ್ರಿಯ ಮುಂದೆ ಹೇಳದೆ ಸತ್ತವನಿಗೆ ಚರ್ಚಿನ ನೆಲದಲ್ಲಿ ಎಡೆಯಿರಲಿಲ್ಲ. ದೊರೆ 14ನೆಯ ಲೂಯಿ ನಡುವೆ ಬಂದ ಮೇಲೆ, ರಾತ್ರಿಯ ಹೊತ್ತು ಅವನನ್ನು ಹೂಳಲು ಅನುಮತಿ ದೊರೆಯಿತು.

ಈ ನಿಯಮ ಆ ದೇಶದ ನಟರೆಲ್ಲರಿಗೂ ಇದ್ದದ್ದೇ. ಆದರೆ ಚರ್ಚಿಗೂ ಮೋಲಿಯೇರನಿಗೂ ಹಳೆಯದೊಂದು ವ್ಯಾಜ್ಯವಿತ್ತು. ಅದರ ಕಾರಣ ‘ತಾರ್ತೂಫ್’ ಎಂಬ ನಾಟಕ. 1664ರಲ್ಲಿ ವರ್ಸೇಲ್ಸಿನ ಅರಮನೆಯಲ್ಲಿ ಮೊದಲು ಆಡಿದಾಗಲೇ ಅದರ ಬಹಿರಂಗ ಪ್ರದರ್ಶನಕ್ಕೆ ತಡೆ ಬಿತ್ತು. 1667ರಲ್ಲಿ ಹೆಸರು ಬದಲಾಯಿಸಿ ಒಂದು ದಿನ ಆಡಿದ, ಮರುದಿನವೇ ನಿಷೇಧ. ನೋಡಿದವರನ್ನೂ ಓದಿದವರನ್ನೂ ಬಹಿಷ್ಕರಿಸುವುದಾಗಿ ಪ್ಯಾರಿಸ್ಸಿನ ಆರ್ಚ್‌ಬಿಷಪ್ ಸಾರಿದರು. ಕೊನೆಗೆ 1669ರಲ್ಲಿ ಅನುಮತಿ ಬಂತು. ಒಂದು ನಗೆನಾಟಕಕ್ಕಾಗಿ ಐದು ವರ್ಷದ ಹೋರಾಟ!

ಈ ನಾಟಕವನ್ನು ‘ಆಷಾಢಭೂತಿ’ ಎಂಬ ಹೆಸರಿನಲ್ಲಿ ಕನ್ನಡಕ್ಕೆ ತಂದವರು ಎ. ಎನ್. ಮೂರ್ತಿರಾಯರು. ಅವರು ಈಗಿನ ಮಂಡ್ಯ ಜಿಲ್ಲೆಯವರೇ. ಕೃಷ್ಣರಾಜಪೇಟೆ ತಾಲ್ಲೂಕಿನ ಅಕ್ಕಿಹೆಬ್ಬಾಳಿನಲ್ಲಿ 1900ರಲ್ಲಿ ಹುಟ್ಟಿದರು. ‘ಹಗಲುಗನಸುಗಳು’ ಬರೆದ ಪ್ರಬಂಧಕಾರರೆಂದು ಅವರನ್ನು ಎಲ್ಲರೂ ಬಲ್ಲರು. ಮಾಂಟೇನ್ 1580ರಲ್ಲಿ ಫ್ರಾನ್ಸಿನಲ್ಲಿ ಹುಟ್ಟುಹಾಕಿದ ಆ ಸಾಹಿತ್ಯಪ್ರಕಾರ ಕನ್ನಡದಲ್ಲಿ ಬೇರೂರಲು ಕಾರಣರಾದವರಲ್ಲಿ ಅವರೂ ಒಬ್ಬರು. ಅವರ ನಾಟಕಕ್ಕೆ ಮಾತ್ರ ವಿಮರ್ಶಕರಿಂದ ಅಷ್ಟು ಗಮನ ದೊರೆತಿಲ್ಲ.

ಮೊದಲು ಹೆಸರನ್ನೇ ನೋಡೋಣ. ಆಷಾಢಭೂತಿ ಪಂಚತಂತ್ರದ ಧೂರ್ತ. ಹಣ ಕೂಡಿಟ್ಟುಕೊಂಡಿದ್ದ ದೇವಶರ್ಮನೆಂಬ ಸನ್ಯಾಸಿಗೆ ಶಿಷ್ಯನಾಗಿ, ಸೇವೆ ಮಾಡಿ, ನಂಬಿಕೆ ಗಳಿಸಿ, ಗಂಟನ್ನು ಎತ್ತಿಕೊಂಡು ಹೋದವನು. ಅಲ್ಲಿ ಮೋಸಗಾರ ಶಿಷ್ಯ, ಮೋಸಹೋದವನು ಗುರು. ಮೋಲಿಯೇರನಲ್ಲಿ ಇದು ತಿರುವುಮುರುವಾಗಿದೆ. ತಾರ್ತೂಫ್ ಭಕ್ತಶಿರೋಮಣಿಯ ವೇಷದಲ್ಲಿ ಸಂಸಾರಸ್ಥನಾದ ಓರ್ಗೋನನ ಮನೆ ಹೊಕ್ಕು ಗುರುವಿನ ಪೀಠದಲ್ಲಿ ಕೂರುತ್ತಾನೆ. ಮನೆಯೊಡೆಯ ಅವನಿಗೆ ಮಗಳನ್ನು ಕೊಡಲು ಹೊರಡುತ್ತಾನೆ, ಮಗನನ್ನು ಹೊರಗಟ್ಟುತ್ತಾನೆ, ಆಸ್ತಿಯನ್ನೂ ಬರೆದುಕೊಡುತ್ತಾನೆ. ಹಾಗಾದರೆ ಹೆಸರು ಹೊಂದುವುದಿಲ್ಲವೇ?

ಹೊಂದುತ್ತದೆ, ಅದೂ ಮೇಲುನೋಟಕ್ಕೆ ಕಾಣುವುದಕ್ಕಿಂತ ಆಳವಾಗಿ. ಪಂಚತಂತ್ರದ ದೇವಶರ್ಮ ಕೊನೆಯಲ್ಲಿ ಕಳ್ಳನನ್ನು ಬಯ್ಯುತ್ತ ಕೂರುವುದಿಲ್ಲ; ತನಗೊದಗಿದ ಕೇಡು ತಾನೇ ತಂದುಕೊಂಡದ್ದೆಂದು ಒಪ್ಪಿಕೊಳ್ಳುತ್ತಾನೆ. ಮೋಲಿಯೇರನ ನಾಟಕದ ತಿರುಳೂ ಇದೇ. ಐದು ಅಂಕಗಳ ನಾಟಕದಲ್ಲಿ ತಾರ್ತೂಫ್ ರಂಗಕ್ಕೆ ಬರುವುದು ಮೂರನೆಯ ಅಂಕದಲ್ಲಿ. ಮೊದಲೆರಡು ಅಂಕಗಳನ್ನು ಕವಿ ಮೀಸಲಿಟ್ಟಿರುವುದು ಓರ್ಗೋನನ ಮರುಳಿಗೆ. ಹೆಂಡತಿಗೆ ಜ್ವರ ಬಂದಿತ್ತೆಂದು ದಾಸಿ ಹೇಳುತ್ತಿದ್ದರೆ, ಈ ಮಹಾಶಯ ಮತ್ತೆ ಮತ್ತೆ ವಿಚಾರಿಸುವುದು ತಾರ್ತೂಫನ ಕ್ಷೇಮವನ್ನು! ದಾಸಿಯ ಕಣ್ಣಿಗೆ ಬಿದ್ದ ಸತ್ಯ ಯಜಮಾನನಿಗೆ ಕಾಣದು; ಕಾಣುವುದು ಅವನಿಗೆ ಬೇಕಾಗಿಯೂ ಇಲ್ಲ. ಮೋಸಹೋಗಲು ಅವನು ಸಿದ್ಧನಾಗಿ ನಿಂತಿದ್ದಾನೆ. ಇಲ್ಲಿ ಜೀವನಚರಿತ್ರೆಯ ಒಂದು ವಿವರ ನೂರು ವ್ಯಾಖ್ಯಾನಗಳಿಗಿಂತ ಬೆಲೆಯುಳ್ಳದ್ದು: ಮೋಲಿಯೇರ್ ತನಗಾಗಿ ಆರಿಸಿಕೊಂಡ ಪಾತ್ರ ತಾರ್ತೂಫನದಲ್ಲ, ಓರ್ಗೋನನದು.

ನಮ್ಮ ಭಾಷೆಯ ಗತಿಯನ್ನು ನೋಡಿ. ‘ಆಷಾಢಭೂತಿ’ ಎಂಬುದು ಇಂದು ಡಾಂಭಿಕನಿಗೆ ಬಯ್ಗುಳವಾಗಿ ಉಳಿದಿದೆ. ದೇವಶರ್ಮನ ಹೆಸರನ್ನು ಜನ ಮರೆತರು. ವಂಚಿಸಿದವನನ್ನು ಹೆಸರಿಟ್ಟು ಕರೆಯುತ್ತೇವೆ; ವಂಚನೆಗೆ ಬಾಗಿಲು ತೆರೆದುಕೊಟ್ಟವನಿಗೆ ಹೆಸರೇ ಇಲ್ಲ. ಇದು ನಮಗೆ ಅನುಕೂಲವಾದ ಮರೆವು. ಕನ್ನಡದ ನಾಟಕಕ್ಕೆ ಇಟ್ಟ ಹೆಸರೂ ಪ್ರೇಕ್ಷಕರ ದೃಷ್ಟಿಯನ್ನು ಠಕ್ಕನ ಕಡೆಗೇ ಎಳೆಯುವುದೆಂಬ ಆಕ್ಷೇಪಣೆಯನ್ನು ತಳ್ಳಿಹಾಕುವಂತಿಲ್ಲ. ಆದರೂ ಪಂಚತಂತ್ರದ ಕಥೆಯನ್ನು ಪೂರ್ತಿ ನೆನೆದವರಿಗೆ ಆ ಹೆಸರೇ ಔಷಧಿಯೂ ಆದೀತು.

ಇನ್ನೊಂದು ಮಾತು. ಮೂಲದಲ್ಲಿ ಓರ್ಗೋನನ ಮನೆಯನ್ನು ಉಳಿಸುವುದು ಕೊನೆಗಳಿಗೆಯಲ್ಲಿ ಬರುವ ರಾಜಭಟ. ನಾಟಕವನ್ನು ಉಳಿಸಿದವನೂ ರಾಜನೇ, ನಾಟಕಕಾರನಿಗೆ ಮಣ್ಣು ದೊರಕಿಸಿದವನೂ ರಾಜನೇ. ಆದ್ದರಿಂದ ಆ ಮುಕ್ತಾಯವನ್ನು ಬರಿಯ ಮುಖಸ್ತುತಿ ಎನ್ನಲಾಗದು. ಆದರೆ ನಮ್ಮ ಕಾಲದಲ್ಲಿ ಅಂಥ ಭಟನನ್ನು ಕಾದು ಕೂರುವ ಹಾಗಿಲ್ಲ. ಬುದ್ಧಿ ನಮ್ಮ ಮನೆಯೊಳಗೇ ಹುಟ್ಟಬೇಕು.

ನಾನು ಖಂಡಿಸಿದ್ದು ಡಾಂಭಿಕತೆಯನ್ನು, ನಿಜಭಕ್ತಿಯನ್ನಲ್ಲ ಎಂದು ಮೋಲಿಯೇರ್ ಮುನ್ನುಡಿಯಲ್ಲಿ ವಾದಿಸಿದ. ಮೂರ್ತಿರಾಯರು ಅಲ್ಲಿಗೆ ನಿಲ್ಲಲಿಲ್ಲ. ತೊಂಬತ್ತು ದಾಟಿದ ಮೇಲೆ, 1991ರಲ್ಲಿ ‘ದೇವರು’ ಎಂಬ ಗ್ರಂಥ ಪ್ರಕಟಿಸಿ, ನಂಬಿಕೆಯನ್ನೇ ವಿಚಾರಣೆಗೆ ಗುರಿಮಾಡಿದರು. ಅದೂ ದನಿಯೆತ್ತದೆ, ಎದುರಾಳಿಯನ್ನು ಹೀಯಾಳಿಸದೆ. ಆ ಪುಸ್ತಕವನ್ನು ಒಪ್ಪುವುದು ಬಿಡುವುದು ಓದುಗರ ಪಾಲಿನದು. ಅದಕ್ಕೆ ಪಂಪ ಪ್ರಶಸ್ತಿ ಸಂದದ್ದು ಕನ್ನಡದ ಸಹನೆಗೆ ಒಂದು ಸಾಕ್ಷಿ. ಪ್ಯಾರಿಸ್ಸಿನಲ್ಲಿ ನಗೆನಾಟಕಕ್ಕೂ ದೊರೆಯದಿದ್ದ ಸಹನೆ ಅದು.

ಮಂಡ್ಯ, ಮದ್ದೂರು, ಮಳವಳ್ಳಿಗಳ ಕಾಲೇಜಿನ ತರುಣರು ಈ ನಾಟಕವನ್ನು ಕೈಗೆತ್ತಿಕೊಂಡರೆ ಸಂತೋಷ. ಅವರಲ್ಲಿ ಒಂದೇ ಬಿನ್ನಹ: ತಂಡದ ಅತ್ಯುತ್ತಮ ನಟನಿಗೆ ಕಪಟಿಯ ಪಾತ್ರವನ್ನು ಕೊಡಬೇಡಿ, ಮನೆಯ ಯಜಮಾನನ ಪಾತ್ರವನ್ನು ಕೊಡಿ. ಪ್ರೇಕ್ಷಕರು ಕಪಟಿಯನ್ನು ನೋಡಿ ಸುಲಭವಾಗಿ ನಗುತ್ತಾರೆ. ಯಜಮಾನನನ್ನು ನೋಡಿ ನಗುವುದು ಅಷ್ಟು ಸುಲಭವಲ್ಲ.