ನೈಸ್ ಅಂದ್ರೆ ಏನ್ರೀ?

ಇಂಗ್ಲಿಷಿನಲ್ಲಿ ದಿನವಿಡೀ ಓಡಾಡಿಯೂ ಒಂದು ಕೆಲಸ ನೆಟ್ಟಗೆ ಮಾಡದ ವಿಶೇಷಣ ಯಾವುದು ಅಂತ ಕೇಳಿದ್ರೆ, ನಾನು ಹಿಂದೆಮುಂದೆ ನೋಡದೆ ‘ನೈಸ್’ ಅಂತೀನಿ. ಊಟ ನೈಸ್, ಸಿನಿಮಾ ನೈಸ್, ಹೊಸ ಮ್ಯಾನೇಜರ್ ನೈಸ್, ರಾತ್ರಿ ಹನ್ನೊಂದರವರೆಗೆ ಕೂತು ಮಾಡಿದ ಪ್ರೆಸೆಂಟೇಶನ್ನೂ ನೈಸ್. ಇಷ್ಟೆಲ್ಲಕ್ಕೂ ಒಗ್ಗುವ ಮಾತು ಯಾವುದರ ಬಗ್ಗೆಯೂ ಏನೂ ಹೇಳೋದಿಲ್ಲ.

ಪದದ ಜಾತಕವೇ ತಮಾಷೆಯಾಗಿದೆ. ಇದರ ಮುತ್ತಜ್ಜ ಲ್ಯಾಟಿನ್ನಿನ ‘ನೆಸ್ಕಿಯುಸ್’. ಅಂದ್ರೆ ಏನೂ ತಿಳಿಯದವನು. ‘ಸೈನ್ಸ್’ ಹುಟ್ಟಿದ್ದೂ ಅದೇ ಧಾತುವಿನಿಂದ. ಅಣ್ಣ ತಿಳಿವಳಿಕೆಯಾದ, ತಮ್ಮ ತಿಳಿಗೇಡಿಯಾದ! ಫ್ರೆಂಚ್ ದಾಟಿ ಇಂಗ್ಲಿಷಿಗೆ ಬಂದ ಹೊಸತರಲ್ಲಿ ಯಾರನ್ನಾದರೂ ನೈಸ್ ಅಂದ್ರೆ ಪೆದ್ದ ಅಂತಲೇ ಅರ್ಥ. ಆಮೇಲೆ ಅದು ಅತಿ ನಾಜೂಕಿನವನಾಯಿತು, ನಂತರ ಸೂಕ್ಷ್ಮ, ನಿಖರ ಎಂಬ ಒಳ್ಳೆಯ ಅರ್ಥಕ್ಕೆ ಬಂತು. ಬರೀ ‘ಹಿತವಾಗಿದೆ’ ಅನ್ನೋ ಈಗಿನ ಅರ್ಥ ಬಲವಾಗಿದ್ದು 18ನೇ ಶತಮಾನದ ಉತ್ತರಾರ್ಧದಲ್ಲಿ.

ಆಗಲೇ ಇದರ ಮೇಲೆ ದೂರೂ ಶುರುವಾಯಿತು. ಜೇನ್ ಆಸ್ಟಿನ್ ತೀರಿಕೊಂಡ ಮೇಲೆ, 1817ರ ಕೊನೆಗೆ ಹೊರಬಂದ ‘ನಾರ್ಥ್ಯಾಂಗರ್ ಅಬ್ಬೆ’ಯಲ್ಲಿ ನಾಯಕಿ ಒಂದು ಕಾದಂಬರಿಯನ್ನು ನೈಸ್ ಅಂತ ಹೊಗಳುತ್ತಾಳೆ. ಹೆನ್ರಿ ಟಿಲ್ನಿ, ಹಾಗಾದ್ರೆ ಅದರ ಬೈಂಡಿಂಗ್ ಅಚ್ಚುಕಟ್ಟಾಗಿರಬೇಕು ಅಂತ ಕಾಲೆಳೆಯುತ್ತಾನೆ. ಆದರೆ ಆಸ್ಟಿನ್ ಅವನನ್ನೂ ಬಿಡೋದಿಲ್ಲ. ಅವನ ತಂಗಿ ಅದೇ ಪದವನ್ನು ಹಳೆಯ ಅರ್ಥದಲ್ಲಿ ಅವನ ಮೇಲೇ ತಿರುಗಿಸುತ್ತಾಳೆ: ನಿನಗೆ ನಾಜೂಕು ಜಾಸ್ತಿ, ವಿವೇಕ ಕಮ್ಮಿ ಅನ್ನೋ ಹಾಗೆ. ಪದಗಳ ಬಗ್ಗೆ ಕೊಂಕು ತೆಗೆಯುವ ನನ್ನಂಥವರು ಈ ಏಟನ್ನು ನೆನಪಿಟ್ಟುಕೊಳ್ಳಬೇಕು.

ಈಗ ಕನ್ನಡಕ್ಕೆ ಬನ್ನಿ. ನಮ್ಮವರು ಈ ಸೋಮಾರಿ ಪದವನ್ನು ಹಿಡಿದು ದುಡಿಸಿಕೊಂಡಿದ್ದಾರೆ. ‘ಹಿಟ್ಟು ನೈಸಾಗಿ ರುಬ್ಬಿ’ ಅಂದ್ರೆ ತರಿತರಿ ಇರಬಾರದು, ಬೆರಳಿಗೆ ನುಣ್ಣಗೆ ಹತ್ತಬೇಕು. ಅಲ್ಲಿ ಅನುಮಾನಕ್ಕೆ ಜಾಗವೇ ಇಲ್ಲ. ‘ಬಿಲ್ ಬರೋ ಹೊತ್ತಿಗೆ ನೈಸಾಗಿ ಜಾರಿಕೊಂಡ’ ಅಂದ್ರೆ ಸದ್ದಿಲ್ಲದೆ ಹೋದ. ‘ಏನೋ ಬೇಕಾಗಿದೆ, ಅದಕ್ಕೇ ನೈಸ್ ಮಾಡ್ತಿದಾನೆ’ ಅಂದ್ರೆ ಪೂಸಿ ಹೊಡೀತಿದಾನೆ. ‘ನಯ’ ಅನ್ನೋ ನಮ್ಮದೇ ಪದದ ಪಕ್ಕ ಕೂತಿದ್ದಕ್ಕೆ ಇದು ಇಷ್ಟು ಚೆನ್ನಾಗಿ ಒಗ್ಗಿತು ಅಂತ ನನ್ನ ಊಹೆ. ನಯದಲ್ಲಿ ನುಣುಪೂ ಇದೆ, ವಿನಯವೂ ಇದೆ. ಜೊತೆಗೆ ‘ನಯವಂಚಕ’ ಅಂತ ಎಚ್ಚರಿಸೋ ಪದವನ್ನೂ ಕನ್ನಡ ಇಟ್ಟುಕೊಂಡಿದೆ. ನುಣ್ಣಗಿರೋದೆಲ್ಲ ಒಳ್ಳೆಯದಲ್ಲ ಅಂತ ನಮ್ಮ ಅಡುಗೆಮನೆಗೂ ಗೊತ್ತು, ಜಗಲಿಗೂ ಗೊತ್ತು.

ಗೊತ್ತಿಲ್ಲದೇ ಇರೋದು ಆಫೀಸಿಗೆ. ಅಲ್ಲಿ ‘ನೈಸ್’ ಅನ್ನೋದು ಓದದೆಯೇ ಹಾಕೋ ರುಜು. ನಾನು ಕಂಡ ಒಬ್ಬ ಹುಡುಗನಿಗೆ ವರ್ಷವಿಡೀ ಪ್ರತಿ ರಿವ್ಯೂನಲ್ಲೂ ನೈಸ್, ನೈಸ್ ವರ್ಕ್, ವೆರಿ ನೈಸ್. ಅಪ್ರೈಸಲ್ ದಿನ ‘ನಿರೀಕ್ಷೆಗಿಂತ ಕಡಿಮೆ’. ಎಲ್ಲಿ ಕಡಿಮೆ ಅಂತ ಹನ್ನೆರಡು ತಿಂಗಳಲ್ಲಿ ಒಬ್ಬರೂ ಹೇಳಿರಲಿಲ್ಲ. ಯಾರೂ ಅವನಿಗೆ ಕೆಟ್ಟದ್ದು ಬಯಸಿರಲಿಲ್ಲ, ಮನಸ್ಸು ನೋಯಿಸೋದು ಬೇಡ ಅಂದುಕೊಂಡರು ಅಷ್ಟೆ. ಆದರೆ ಆ ಒಳ್ಳೆಯತನದ ಬಿಲ್ ಕಟ್ಟಿದ್ದು ಅವನು.

ಹಾಗಂತ ‘ನೈಸ್’ ಬಿಟ್ಟು ‘ಚೆನ್ನಾಗಿದೆ’ ಅಂದ ತಕ್ಷಣ ಉದ್ಧಾರ ಆಗಿಬಿಡಲ್ಲ. ಗೆಳೆಯರ ಪುಸ್ತಕ ಬಿಡುಗಡೆಯಲ್ಲಿ, ನಾಟಕ ಮುಗಿದ ಮೇಲಿನ ಕಾಫಿಯಲ್ಲಿ ನಾವು ಹೇಳೋ ‘ಚೆನ್ನಾಗಿದೆ’ ಎಷ್ಟು ಸಲ ಕೈತೊಳೆದುಕೊಳ್ಳೋ ಉಪಾಯ ಅಂತ ನಮಗೇ ಗೊತ್ತು. ತೊಂದರೆ ಇಂಗ್ಲಿಷಿನದಲ್ಲ, ಗಮನಿಸುವ ಶ್ರಮ ತಪ್ಪಿಸಿಕೊಳ್ಳೋದರದ್ದು. ಲಿಫ್ಟಿನಲ್ಲಿ ಸಿಕ್ಕವರ ಶರ್ಟಿಗೆ ‘ನೈಸ್’ ಧಾರಾಳವಾಗಿ ಸಾಕು. ಆದರೆ ಒಬ್ಬರು ತಮ್ಮ ಕೆಲಸ ಮುಂದಿಟ್ಟು ‘ಹೇಗಿದೆ?’ ಅಂತ ಕೇಳಿದಾಗ ರುಬ್ಬುವವರ ಹಾಗೆ ಬೆರಳಿಟ್ಟು ನೋಡಬೇಕು. ಇಲ್ಲಿ ನುಣ್ಣಗಿದೆ, ಇಲ್ಲಿನ್ನೂ ತರಿ ಉಳಿದಿದೆ, ಇನ್ನೊಂದು ಸುತ್ತು ತಿರುಗಿಸು. ಅಷ್ಟು ಹೇಳಿದರೆ ಅವರು ಮನೆಗೆ ಏನನ್ನಾದರೂ ಒಯ್ಯುತ್ತಾರೆ.