ಹಸಿರು ಓಕೆಗೆ ಎರಡು ಅರ್ಥ

"ಸಾಹೇಬ್, ಪಾಸ್‌ವರ್ಡ್ ಬರೋಬರ್ ಆಹೆ, ಪಣ್ ಆತ್ ಘೇತ್ ನಾಹಿ."

ಛತ್ರಪತಿ ಸಂಭಾಜಿನಗರದ ವಾಳೂಜ್ ಎಂಐಡಿಸಿ ಕೈಗಾರಿಕಾ ಪ್ರದೇಶದಿಂದ ಬೆಳಬೆಳಿಗ್ಗೆ ಬಂದ ಫೋನು. ಪಾಸ್‌ವರ್ಡ್ ಸರಿಯಾಗಿದೆ, ಆದರೂ ಒಳಗೆ ಬಿಡುತ್ತಿಲ್ಲ ಅಂತ ಶಿಫ್ಟಿನ ಹುಡುಗ ಹೇಳುತ್ತಿದ್ದ. ನಾನಿದ್ದದ್ದು ನಾಸಿಕದ ಅಂಬಡ್‌ನಲ್ಲಿ. ಹಿಂದಿನ ರಾತ್ರಿ ನಾನೇ ಓಡಿಸಿದ್ದ, ಸರ್ವರ್‌ಗಳನ್ನು ದೂರದಿಂದಲೇ ತಿದ್ದುವ ಆನ್ಸಿಬಲ್ ಪ್ಲೇಬುಕ್‌ನ ವರದಿ ಪರದೆಯ ಮೇಲೆ ಇನ್ನೂ ಹಾಗೇ ಇತ್ತು. ಫೇಲ್ಡ್ ಅನ್ನುವ ಕಡೆ ಸೊನ್ನೆ. ಕೆಂಪು ಅಕ್ಷರ ಒಂದೂ ಇಲ್ಲ. ಯಂತ್ರದ ಪ್ರಕಾರ ಎಲ್ಲವೂ ಸುಸೂತ್ರ. ಮನುಷ್ಯರು ಮಾತ್ರ ಹೊರಗೆ ನಿಂತಿದ್ದರು.

ನಾನಿಲ್ಲಿ ತೂಗಿ ನೋಡಹೊರಟಿರುವುದು ಆ ಪ್ಲೇಬುಕ್ ಬಳಸಿದ ಪ್ಯಾಮ್‌ಡಿ ಎಂಬ ಮಾಡ್ಯೂಲನ್ನು. ಲಿನಕ್ಸ್ ಸರ್ವರ್‌ಗಳಲ್ಲಿ ಲಾಗಿನ್ ನಿಯಮಗಳನ್ನು ಕೈಯಿಂದ ತಿದ್ದುವ ಬದಲು ಆನ್ಸಿಬಲ್ ಮೂಲಕ ತಿದ್ದಿಸುವ ಸಾಧನ ಅದು. 2017ರಲ್ಲಿ ಆನ್ಸಿಬಲ್‌ನ 2.3ನೇ ಆವೃತ್ತಿಯ ಜೊತೆ ಬಂತು, ಈಗ ಕಮ್ಯುನಿಟಿ ಜನರಲ್ ಕಲೆಕ್ಷನ್ನಿನಲ್ಲಿದೆ.

ಮೊದಲು ಆ ಲಾಗಿನ್ ನಿಯಮಗಳ ವ್ಯವಸ್ಥೆಯಾದ ಪ್ಯಾಮ್ ಬಗ್ಗೆ ನಾಲ್ಕು ಮಾತು. 1995ರಲ್ಲಿ ಸನ್ ಮೈಕ್ರೋಸಿಸ್ಟಮ್ಸ್‌ನ ವಿಪಿನ್ ಸಮರ್ ಮತ್ತು ರೋಲಂಡ್ ಶೆಮರ್ಸ್ ಮುಂದಿಟ್ಟ ಯೋಚನೆ ಇದು. ಅಲ್ಲಿಯವರೆಗೆ ಲಾಗಿನ್, ಎಫ್‌ಟಿಪಿ ಹೀಗೆ ಒಂದೊಂದು ಪ್ರೋಗ್ರಾಮೂ ಪಾಸ್‌ವರ್ಡ್ ಪರೀಕ್ಷೆಯನ್ನು ತನ್ನ ಹೊಟ್ಟೆಯೊಳಗೇ ಇಟ್ಟುಕೊಂಡಿರುತ್ತಿತ್ತು. ಆ ಕೆಲಸವನ್ನು ಹೊರಗೆ ತೆಗೆದು ಒಂದು ಕಡತದಲ್ಲಿ ಸಾಲು ಸಾಲಾಗಿ ಬರೆದಿಡೋಣ ಎಂದರು ಅವರು. ಮರುವರ್ಷವೇ ರೆಡ್ ಹ್ಯಾಟ್ ಲಿನಕ್ಸ್ ಅದನ್ನು ತೆಗೆದುಕೊಂಡಿತು. ಇವತ್ತಿಗೂ ಪ್ರತಿ ಲಾಗಿನ್ ಹಾದುಹೋಗುವುದು ಆ ಸಾಲುಗಳ ನಡುವಿನಿಂದಲೇ. ಸಾಲಿನ ತಲೆಯಲ್ಲಿ ಅದು ಯಾವ ಕೆಲಸದ್ದು ಎಂದಿರುತ್ತದೆ, ಆಮೇಲೆ ಅದರ ಮಾತಿಗೆ ಎಷ್ಟು ತೂಕ, ಕೊನೆಗೆ ಯಾವ ಮಾಡ್ಯೂಲು. ತೂಕದ ಪದಗಳಲ್ಲೇ ಎಲ್ಲ ಮರ್ಮ. 'ರಿಕ್ವಿಸಿಟ್' ಸೋತರೆ ಅಲ್ಲೇ ಮುಗಿಯಿತು. 'ಸಫಿಶಿಯೆಂಟ್' ಗೆದ್ದರೆ ಮುಂದಿನವರನ್ನು ಕೇಳುವುದೇ ಬೇಡ. 'ರಿಕ್ವೈರ್ಡ್' ಸೋತರೂ ಉಳಿದ ಸಾಲುಗಳನ್ನು ಓದಿಸಿ ಕೊನೆಯಲ್ಲಿ ಇಲ್ಲ ಅನ್ನುತ್ತದೆ, ಎಲ್ಲಿ ಸೋತೆ ಎನ್ನುವುದು ಕದಿಯಲು ಬಂದವನಿಗೆ ತಿಳಿಯದಿರಲಿ ಅಂತ. ಅಂದರೆ ಒಂದು ಸಾಲಿನ ಅರ್ಥ ಆ ಸಾಲಿನಲ್ಲಷ್ಟೇ ಇಲ್ಲ. ಅದರ ಹಿಂದೆ ಮುಂದೆ ಯಾರಿದ್ದಾರೆ ಎನ್ನುವುದರಲ್ಲೂ ಇದೆ.

ಪ್ಯಾಮ್‌ಡಿಗೆ ಸಲ್ಲಬೇಕಾದ ಮೆಚ್ಚುಗೆ ಸಲ್ಲಲಿ. ಅದು ಬರುವ ಮುಂಚೆ ನಾವೆಲ್ಲ ಬಳಸುತ್ತಿದ್ದದ್ದು ಲೈನ್‌ಇನ್‌ಫೈಲ್. ಹುಡುಕಿದ ಸಾಲು ಸಿಗದಿದ್ದರೆ ಹೊಸದನ್ನು ಕಡತದ ಬುಡಕ್ಕೆ ಅಂಟಿಸಿಬಿಡುತ್ತದೆ ಆ ಪುಣ್ಯಾತ್ಮ. ಪ್ಯಾಮ್ ಕಡತದ ಬುಡದಲ್ಲಿ ಬಿದ್ದ ಸಾಲು ಬಹಳ ಸಲ ಇದ್ದೂ ಸತ್ತಂತೆ. ಪ್ಯಾಮ್‌ಡಿ ಹಾಗಲ್ಲ, ಪ್ಯಾಮ್‌ನ ವ್ಯಾಕರಣ ಬಲ್ಲದು. ಇಂಥ ಸಾಲಿನ ಮುಂಚೆ ಇದನ್ನು ಹಾಕು, ಇಂಥದರ ನಂತರ ಅದನ್ನು ಹಾಕು, ಇದರ ಒಂದು ಆರ್ಗ್ಯುಮೆಂಟ್ ಮಾತ್ರ ತೆಗೆ ಎಂದರೆ ಕೇಳುತ್ತದೆ. ಹಳೆಯ ಕಡತದ ಬ್ಯಾಕಪ್ ಬೇಕೆಂದರೆ ಇಟ್ಟುಕೊಡುತ್ತದೆ.

ನನ್ನ ತಕರಾರು ಎರಡು. ಮೊದಲನೆಯದು ಅದರ ಮೌನದ ಬಗ್ಗೆ.

ತಿದ್ದಬೇಕಾದ ಸಾಲನ್ನು ಪ್ಯಾಮ್‌ಡಿ ಗುರುತಿಸುವುದು ಮೂರು ಲಕ್ಷಣಗಳಿಂದ: ಕೆಲಸ, ತೂಕ, ಮಾಡ್ಯೂಲಿನ ಹೆಸರು. ಮೂರೂ ಕೂಡಿಬಂದರೆ ತಿದ್ದುತ್ತದೆ. ಒಂದು ತಪ್ಪಿದರೂ ಏನೂ ಮಾಡದೆ 'ಓಕೆ' ಎಂದು ಹಸಿರಿನಲ್ಲಿ ಬರೆದು ಮುಂದೆ ಹೋಗುತ್ತದೆ. ನಾಸಿಕದ ನಮ್ಮ ಸರ್ವರ್‌ಗಳು ರೆಡ್ ಹ್ಯಾಟ್ ಮನೆತನದವು, ಸಂಭಾಜಿನಗರದವು ಉಬುಂಟು. ರೆಡ್ ಹ್ಯಾಟ್‌ನಲ್ಲಿ ಪಾಸ್‌ವರ್ಡ್ ನೋಡುವ ಪ್ಯಾಮ್ ಯುನಿಕ್ಸ್ ಸಾಲಿನ ತೂಕ 'ಸಫಿಶಿಯೆಂಟ್'. ಉಬುಂಟುವಿನಲ್ಲಿ ಆ ಜಾಗದಲ್ಲಿ ಚೌಕ ಕಂಸದೊಳಗೆ 'ಸಕ್ಸೆಸ್ ಸಮ ಒಂದು, ಡೀಫಾಲ್ಟ್ ಸಮ ಇಗ್ನೋರ್' ಎಂದಿರುತ್ತದೆ. ಮೂರು ಸಲ ತಪ್ಪು ಪಾಸ್‌ವರ್ಡ್ ಕೊಟ್ಟವರನ್ನು ತಡೆಯುವ ಫೇಲ್‌ಲಾಕ್ ಸಾಲುಗಳನ್ನು ಸೇರಿಸಲು ನಾಸಿಕಕ್ಕೆಂದು ಬರೆದ ಪ್ಲೇಬುಕ್ಕನ್ನೇ ನಾನು ಅಲ್ಲಿಗೂ ಓಡಿಸಿದೆ. ಸಾಲು ಸಿಗಲಿಲ್ಲ. ಓಕೆ, ಓಕೆ, ಓಕೆ.

ಕೆಲವು ತಿಂಗಳು ನೆಮ್ಮದಿಯಾಗಿಯೇ ಇದ್ದೆ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನ 180 ದಿನಗಳ ಲಾಗ್ ಇಟ್ಟಿರಿ, ಅವಘಡವಾದರೆ 6 ಗಂಟೆಯೊಳಗೆ ತಿಳಿಸಿ ಎನ್ನುತ್ತದಲ್ಲ, ಅದಾದ ಮೇಲೆ ನಮ್ಮ ಗಿರಾಕಿಗಳ ಆಡಿಟರ್‌ಗಳು ಲಾಗು, ಲಾಕು ಎರಡನ್ನೂ ಕೇಳತೊಡಗಿದ್ದರು. ವಾಳೂಜ್‌ಗೆ ಬಂದ ಆಡಿಟರ್ ಹತ್ತು ಸಲ ತಪ್ಪು ಪಾಸ್‌ವರ್ಡ್ ಒತ್ತಿ, ಹನ್ನೊಂದನೆಯ ಸಲ ಸರಿಯಾದ್ದನ್ನು ಒತ್ತಿ ಒಳಗೆ ಹೋದರು. ನಾನು ಹಸಿರು ವರದಿಯ ಪ್ರಿಂಟ್ ಹಿಡಿದು ನಿಂತಿದ್ದೆ.

ಈ ಮೌನಕ್ಕೂ ಒಂದು ಕಾರಣವಿದೆ ಎನ್ನುವುದನ್ನು ಒಪ್ಪಬೇಕು. ಒಂದೇ ಪ್ಲೇಬುಕ್ಕನ್ನು ಎಷ್ಟು ಸಲ ಓಡಿಸಿದರೂ ಫಲ ಒಂದೇ ಇರಬೇಕು ಎನ್ನುವುದು ಆನ್ಸಿಬಲ್‌ನ ವ್ರತ. ಮೊದಲ ಸಲ ತೂಕದ ಪದ ಬದಲಾದ ಮೇಲೆ ಎರಡನೆಯ ಸಲ ಹಳೆಯ ಸಾಲು ಸಿಗುವುದೇ ಇಲ್ಲ. ಆಗ ಅದು ಕೂಗಾಡಿದರೆ ದಿನಾ ಬೆಳಗಾದರೆ ರಂಪ. ಹಾಗಾಗಿ 'ಆಗಲೇ ಆಗಿದೆ' ಎನ್ನುವುದಕ್ಕೂ 'ಅಂಥದ್ದು ಇಲ್ಲಿಲ್ಲ' ಎನ್ನುವುದಕ್ಕೂ ಒಂದೇ ಹಸಿರು. ಬೇರೆ ಕಡತಗಳಲ್ಲಿ ನಡೆದುಹೋಗುತ್ತದೆ. ಬಾಗಿಲು ಕಾಯುವ ಕಡತದಲ್ಲಿ ಈ ಎರಡನ್ನು ಒಂದೇ ಬಣ್ಣದಲ್ಲಿ ಹೇಳುವುದು ದೋಷವೇ.

ಎರಡನೆಯ ತಕರಾರು ಇನ್ನೂ ಆಳದ್ದು, ಬೆಳಗಿನ ಆ ಫೋನಿನದು. ಆಡಿಟ್ ಆದ ಮೇಲೆ ಉಬುಂಟುವಿನ ಸಾಲನ್ನು ಸರಿಯಾಗಿ ಗುರುತಿಸುವಂತೆ ಪ್ಲೇಬುಕ್ ತಿದ್ದಿದೆ. ಪ್ಯಾಮ್‌ಡಿ ಈ ಸಲ ಹೇಳಿದ್ದನ್ನು ಚಾಚೂ ತಪ್ಪದೆ ಮಾಡಿತು: ಪಾಸ್‌ವರ್ಡ್ ಸಾಲಿನ ಕೆಳಗೆ ಫೇಲ್‌ಲಾಕ್ ಸಾಲನ್ನು ಕೂರಿಸಿತು. ಎಡವಟ್ಟಾದದ್ದೇ ಅಲ್ಲಿ. 'ಸಕ್ಸೆಸ್ ಸಮ ಒಂದು' ಅಂದರೆ ಪಾಸ್‌ವರ್ಡ್ ಸರಿಯಿದ್ದರೆ ಮುಂದಿನ ಒಂದು ಸಾಲನ್ನು ಹಾರು ಎಂದು. ಮೊದಲು ಆ ಒಂದು ಸಾಲು ಪ್ಯಾಮ್ ಡಿನೈ, ಯಾರು ಬಂದರೂ ಇಲ್ಲ ಎನ್ನುವವನು. ಅವನನ್ನು ಹಾರಿದರೆ ಪ್ಯಾಮ್ ಪರ್ಮಿಟ್, ಬಾ ಎನ್ನುವವನು. ನಡುವೆ ಹೊಸ ಸಾಲು ಬಂದು ಕೂತಾಗ ಜಿಗಿತ ಅದನ್ನು ದಾಟಿ ನೇರ ಡಿನೈ ಮಡಿಲಿಗೆ ಬಿತ್ತು. ತಪ್ಪು ಪಾಸ್‌ವರ್ಡಿನವರಿಗೆ ಫೇಲ್‌ಲಾಕ್ ಇಲ್ಲ ಅಂದಿತು, ಸರಿಯಾದ ಪಾಸ್‌ವರ್ಡಿನವರಿಗೆ ಡಿನೈ ಇಲ್ಲ ಅಂದಿತು. ಅಲ್ಲಿ ಒಂದು ಇದ್ದದ್ದನ್ನು ಎರಡು ಮಾಡಬೇಕಿತ್ತು, ಅಷ್ಟೇ. ಪ್ಯಾಮ್‌ಡಿ ಆ ಲೆಕ್ಕ ಇಡುವುದಿಲ್ಲ.

ಲಾಗ್ ತೆರೆದರೆ ಗುರುತು ಅಲ್ಲೇ ಇತ್ತು. ಎಸ್‌ಎಸ್‌ಎಚ್ 'ಫೇಲ್ಡ್ ಪಾಸ್‌ವರ್ಡ್' ಎಂದು ಸಾಲುಗಟ್ಟಿ ದೂರುತ್ತಿತ್ತು, ಆದರೆ ಪ್ಯಾಮ್ ಯುನಿಕ್ಸ್‌ನ ಒಂದು ದೂರೂ ಇರಲಿಲ್ಲ. ಅಂದರೆ ಪಾಸ್‌ವರ್ಡ್ ನೋಡುವವನಿಗೆ ಒಪ್ಪಿಗೆಯಾಗಿದೆ, ಅವನ ಹಿಂದೆ ನಿಂತ ಯಾರೋ ಕುತ್ತಿಗೆ ಹಿಡಿದು ನೂಕಿದ್ದಾರೆ. ಇದನ್ನೆಲ್ಲ ನೋಡಲು ನನಗೆ ಸಾಧ್ಯವಾದದ್ದು ಹೇಗೆ ಅನ್ನುವಿರೋ? ಎಸ್‌ಎಸ್‌ಎಚ್ ಕೀ ಹಿಡಿದು ಬಂದವರು ಪಾಸ್‌ವರ್ಡ್ ಪರೀಕ್ಷಿಸುವ ಈ ಸಾಲುಗಳ ಕಡೆ ತಲೆಯನ್ನೂ ಹಾಕುವುದಿಲ್ಲ. ಸುಡೊದಲ್ಲಿ ಪಾಸ್‌ವರ್ಡ್ ಬೇಡವೆಂದು ಬರೆದಿದ್ದರೆ ಅಲ್ಲೂ ವಿನಾಯಿತಿ. ಆನ್ಸಿಬಲ್ ಬರುವುದೇ ಆ ದಾರಿಯಲ್ಲಿ. ಹಾಗಾಗಿ ತಾನು ಮುಚ್ಚಿದ ಬಾಗಿಲು ಅದಕ್ಕೆ ಕಾಣಲೇ ಇಲ್ಲ. ನಾನೂ ಅದೇ ಹಿತ್ತಿಲ ಬಾಗಿಲಿನಿಂದ ಹೋಗಿ ಅಂಕಿ ತಿದ್ದಿ ಬಂದೆ. ವೈಜಾಪುರದ ಮೇಲೆ ಅಲ್ಲಿಗೆ ಕಾರು ಓಡಿಸುವುದು ತಪ್ಪಿತು.

ಆಮೇಲೊಮ್ಮೆ ವಾಳೂಜ್‌ಗೆ ಹೋದಾಗ ದೌಲತಾಬಾದ್ ಕೋಟೆ ಹತ್ತಿದೆ. ಸೇವುಣರ ದೇವಗಿರಿ ಅದು. ಕನ್ನಡದಲ್ಲೂ ಶಾಸನ ಹಾಕಿಸಿದ ಅರಸರು ಅವರು. ಬಂಡೆಯ ಸುತ್ತ ಕೊರೆದ ಕಂದಕ ದಾಟಿದರೆ ಅಂಧೇರಿ ಎಂಬ ಕತ್ತಲ ಸುರಂಗ, ತಿರುವಿನ ಮೇಲೆ ತಿರುವು. ಕಂದಕ, ಸುರಂಗ, ಬಾಗಿಲು ಎಲ್ಲವೂ ಒಂದನ್ನು ನೆಚ್ಚಿ ಇನ್ನೊಂದು. ಅಲ್ಲಿ ನಡುವೆ ಒಂದು ಗೋಡೆ ಎಬ್ಬಿಸಬೇಕೆಂದರೆ ಕಲ್ಲುಕುಟಿಗ ಇಡೀ ದಾರಿಯನ್ನು ಒಮ್ಮೆ ನಡೆದು ನೋಡದೆ ಉಳಿ ಎತ್ತುತ್ತಿರಲಿಲ್ಲ. ಪ್ಯಾಮ್‌ಡಿ ದಾರಿ ನಡೆಯುವುದಿಲ್ಲ. ಅದರ ಕಣ್ಣಿಗೆ ಬೀಳುವುದು ಒಂದು ಕಲ್ಲು, ಹೆಚ್ಚೆಂದರೆ ಪಕ್ಕದ ಇನ್ನೊಂದು.

ದಾರಿ ನಡೆದು ನೋಡುವ ಸಾಧನಗಳು ಲಿನಕ್ಸ್ ವಿತರಣೆಗಳಲ್ಲೇ ಇವೆ, ನಾವು ಕಡೆಗಣಿಸಿದ್ದೇವೆ ಅಷ್ಟೇ. ಉಬುಂಟು, ಡೆಬಿಯನ್‌ಗಳಲ್ಲಿ ಪ್ಯಾಮ್-ಆಥ್-ಅಪ್‌ಡೇಟ್ ಇದೆ. ಫೇಲ್‌ಲಾಕ್‌ಗೆ ಒಂದು ಪ್ರೊಫೈಲ್ ಬರೆದಿಟ್ಟರೆ ಜಿಗಿತದ ಲೆಕ್ಕವನ್ನು ಅದೇ ಹಾಕಿಕೊಳ್ಳುತ್ತದೆ. ಯಾರಾದರೂ ಕಡತವನ್ನು ಕೈಯಿಂದ ತಿದ್ದಿದ್ದರೆ ಬಲವಂತ ಮಾಡದ ಹೊರತು ಮುಟ್ಟುವುದಿಲ್ಲ. ರೆಡ್ ಹ್ಯಾಟ್ 8ರಿಂದ ಆಥ್‌ಸೆಲೆಕ್ಟ್ ಬಂದಿದೆ, 'ವಿತ್ ಫೇಲ್‌ಲಾಕ್' ಎಂದರೆ ಸಾಕು. ಅದು ಬರೆದ ಕಡತದ ನೆತ್ತಿಯಲ್ಲೇ ಕೈಯಿಂದ ತಿದ್ದಬೇಡಿ, ಅಳಿಸಿಹೋಗುತ್ತದೆ ಎಂಬ ಎಚ್ಚರಿಕೆ ಇರುತ್ತದೆ. ಆಥ್‌ಸೆಲೆಕ್ಟ್ ಪ್ರೊಫೈಲುಗಳನ್ನು ತಾನು ನಿಭಾಯಿಸುವುದಿಲ್ಲ ಎಂದು ಪ್ಯಾಮ್‌ಡಿಯ ಕೈಪಿಡಿಯೂ ಪ್ರಾಮಾಣಿಕವಾಗಿ ಬರೆದುಕೊಂಡಿದೆ. ಎಷ್ಟು ತಪ್ಪಿಗೆ ಲಾಕು, ಎಷ್ಟು ಹೊತ್ತು ಲಾಕು ಎನ್ನುವುದೆಲ್ಲ ಈಗ ಫೇಲ್‌ಲಾಕ್‌ನ ಸ್ವಂತ ಕಡತದಲ್ಲಿ. ಏನೂ ಬರೆಯದಿದ್ದರೆ 3 ತಪ್ಪಿಗೆ 600 ಸೆಕೆಂಡು. ಅದನ್ನು ಬದಲಿಸಲು ಪ್ಯಾಮ್ ಸಾಲುಗಳನ್ನು ಮುಟ್ಟುವುದೇ ಬೇಕಿಲ್ಲ.

ಆನ್ಸಿಬಲ್ ಬಿಡಿ ಎಂದು ಹೇಳುತ್ತಿಲ್ಲ. ಎರಡೂ ಊರಿನ ಸರ್ವರ್‌ಗಳಿಗೆ ಆಥ್‌ಸೆಲೆಕ್ಟ್ ಮತ್ತು ಪ್ಯಾಮ್-ಆಥ್-ಅಪ್‌ಡೇಟ್‌ಗಳನ್ನು ನಾನು ಈಗಲೂ ಕರೆಯುವುದು ಅದರ ಮೂಲಕವೇ. ಪ್ಯಾಮ್‌ಡಿ ಒಂದೇ ಸೇವೆಯ ಪುಟ್ಟ ಕಡತಕ್ಕೆ, ಸುಡೊ ಅಥವಾ ಎಸ್‌ಯುಗೆ, ಜಿಗಿತದ ಅಂಕಿಗಳಿಲ್ಲದ ಕಡೆ ಒಳ್ಳೆಯ ಉಪಕರಣ. ಎಲ್ಲ ಪಾಸ್‌ವರ್ಡ್ ಲಾಗಿನ್‌ಗಳೂ ಹಾಯುವ ಹೆಬ್ಬಾಗಿಲಿನ ಕಡತಕ್ಕೆ ಅದನ್ನು ಬಿಡಬಾರದು.

ಬಿಟ್ಟೇ ತೀರುವೆ ಎನ್ನುವವರು ಇನ್ನೊಂದು ಟರ್ಮಿನಲ್‌ನಲ್ಲಿ ರೂಟ್ ಆಗಿ ಲಾಗಿನ್ ಆಗಿದ್ದುಕೊಂಡು ಓಡಿಸಿ. ಮುಗಿದ ಮೇಲೆ ಕೀ ಬಿಟ್ಟು ಪಾಸ್‌ವರ್ಡ್ ಒತ್ತಿ ಒಮ್ಮೆ ಒಳಗೆ ಹೋಗಿ ನೋಡಿ. ಆಮೇಲೆ ಆ ಟರ್ಮಿನಲ್ ಮುಚ್ಚಿ.